ಒಂದೇ ಬೆಲೆಯ ಕಂಬಳಿ ಅಂಗಡಿ

ಅಂಗಡಿ ಬಾಗಿಲು ತೆಗೆದು ಕೂತವನಿಗೆ ಗಿರಾಕಿ ಬಾರದ ದಿನ ಇರಬಹುದು, ನಗೆಪಾಟಲಾಗದ ದಿನ ಮಾತ್ರ ಇರುವುದಿಲ್ಲ. ಎಪ್ಪತ್ತರ ದಶಕದಲ್ಲಿ ಹೊಸದುರ್ಗದ ಬಸ್ ಸ್ಟ್ಯಾಂಡ್ ಪಕ್ಕದಲ್ಲಿ ಕಂಬಳಿ ಮಾರಿಕೊಂಡಿದ್ದ ನನ್ನ ಮಾತು ನಂಬಿ. ಆಗ ಅವೆಲ್ಲ ನಗುವ ಸಂಗತಿಗಳು ಅಂತ ನನಗೇನೂ ಅನ್ನಿಸಿರಲಿಲ್ಲ, ಅದು ಬೇರೆ.

ಅಂಗಡಿ ನನ್ನದಲ್ಲ. ಸುತ್ತಲಿನ ಹಳ್ಳಿಗಳಲ್ಲಿ ಕುರಿ ಸಾಕುವ ಮನೆಗಳವರು ತಾವೇ ಉಣ್ಣೆ ಕತ್ತರಿಸಿ, ತಾವೇ ನೂತು, ತಾವೇ ಕಂಬಳಿ ನೇಯುತ್ತಿದ್ದರು. ಮಾರುವುದೊಂದು ಮಾತ್ರ ಪೇಟೆಯ ಸಾಹುಕಾರರ ಕೈಯಲ್ಲಿತ್ತು. ಅವರು ಹೇಳಿದ್ದೇ ರೇಟು. ಕಂಬಳಿ ಹೊತ್ತು ಹೋದವರು ಅವರ ಜಗಲಿಯ ಕೆಳಗೆ ಬಿಸಿಲಲ್ಲಿ ಕೂತು, ಸಾಹುಕಾರರ ಊಟ, ಎಲೆ ಅಡಿಕೆ, ನಿದ್ದೆ ಎಲ್ಲ ಮುಗಿಯುವ ತನಕ ಕಾಯಬೇಕಿತ್ತು. ಇದು ಸಾಕಾಗಿ ಅವರೆಲ್ಲ ಸೇರಿ ಒಂದು ಸಹಕಾರ ಸಂಘ ಮಾಡಿಕೊಂಡರು. ನೂತವರಿಗೂ ನೇಯ್ದವರಿಗೂ ನ್ಯಾಯವಾದ ಕೂಲಿ, ಕೊಳ್ಳುವವರಿಗೆ ಮೋಸವಿಲ್ಲದ ಮಾಲು, ಎಲ್ಲರಿಗೂ ಒಂದೇ ಬೆಲೆ. ಇದು ಸಂಘದ ನಿಯಮ. ಹೊಳಲ್ಕೆರೆ ಕಡೆಯಿಂದ ಕೆಲಸ ಹುಡುಕಿಕೊಂಡು ಬಂದಿದ್ದ ನನ್ನನ್ನು ಮಾರಾಟಕ್ಕೆ ಕೂರಿಸಿದರು.

ಚಿತ್ರದುರ್ಗದ ಕಚೇರಿಯಿಂದ ಬಂದ ಸಾಹೇಬರು ಅಂಗಡಿಗೆ ಸರ್ಕಾರದ ಸಹಾಯ ಕೊಡಿಸಿ, ಹೋಗುವಾಗ ಒಂದು ಮಾತು ಹೇಳಿ ಹೋದರು. "ಚಳಿಗಾಲ ಮುಗಿಯೋದ್ರೊಳಗೆ ಮಾಲು ಖಾಲಿಯಾಗಬೇಕು. ಒಂದೇ ಬೆಲೆ ಅನ್ನೋ ನಿಯಮಾನೂ ಮುರೀಬಾರದು. ಎರಡರಲ್ಲಿ ಯಾವುದು ಕೆಟ್ಟರೂ ಅಂಗಡಿಗೆ ಬೀಗ."

ಸಂಘದಲ್ಲಿ ಎಲ್ಲರಿಗಿಂತ ಹಿರಿಯರು ಒಬ್ಬ ಅಜ್ಜ, ಅಜ್ಜಿ. ಅಜ್ಜಿ ನೂಲುತ್ತಿದ್ದಳು, ಅಜ್ಜ ನೇಯುತ್ತಿದ್ದ. ಅಂಗಡಿ ಶುರುವಾದ ದಿನ ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಏನಪ್ಪ, ಆ ಜಗಲಿ ಕೆಳಗೆ ನಾನು ಮತ್ತೆ ಹೋಗಿ ಕುಂತ್ಕಳಾಕಿಲ್ಲ. ನಿನ್ನ ಕೈಯಾಗೈತೆ, ನೋಡ್ಕ" ಅಂದಳು. ನನಗೆ ಆಗ ಮೀಸೆಯೂ ಸರಿಯಾಗಿ ಬಂದಿರಲಿಲ್ಲ.

ಬೋರ್ಡು

ನಾನು ಮೊದಲು ಮಾಡಿದ ಕೆಲಸ ಬೋರ್ಡು ಬರೆಸಿದ್ದು. 'ಒಂದೇ ಬೆಲೆ. ಚೌಕಾಸಿ ಇಲ್ಲ.' ಪೇಂಟರ್ ಅಕ್ಷರಗಳಿಗೆ ನೆರಳೆಲ್ಲ ಕೊಟ್ಟು ದಪ್ಪಗೆ ಬರೆದಿದ್ದ. ನೋಡಿದರೆ ನನಗೇ ಅಂಗಡಿಯ ಮೇಲೆ ಗೌರವ ಬರುವ ಹಾಗಿತ್ತು.

ಸಂತೆಯ ದಿನ ಹಿರಿಯೂರಿನಲ್ಲಿ ತೆಂಗಿನಕಾಯಿ ವ್ಯಾಪಾರ ಮಾಡುವ ಯಜಮಾನರೊಬ್ಬರು ಬಂದರು. ಓದು ಬರಹ ಬಲ್ಲವರು. ಬೀದಿಯಲ್ಲೇ ನಿಂತು ಬೋರ್ಡನ್ನು ಎಲ್ಲರಿಗೂ ಕೇಳುವ ಹಾಗೆ ಓದಿದರು. ಒಳಗೆ ಬಂದು ಒಂದೊಂದೇ ಕಂಬಳಿ ಬಿಚ್ಚಿಸಿದರು. ಕೊನೆಗೆ ಒಂದರ ಮೇಲೆ ಕೈಯಿಟ್ಟು ಕೇಳಿದರು.

"ಎಷ್ಟಪ್ಪ ಇದು?"

"ಮೂವತ್ತು ರೂಪಾಯಿ."

"ಅದು ಹೇಳೋದು. ಕೊಡೋದು ಹೇಳು."

"ಕೊಡೋದೂ ಅದೇ. ಬೋರ್ಡ್ ಓದಿದ್ರಲ್ಲ?"

"ಓದ್ದೆ. ಚೆನ್ನಾಗಿ ಬರೆಸಿದೀಯ. ಈಗ ಕೊಡೋದು ಹೇಳು."

ನನಗೆ ರೋಷ ಬಂತು. ಉಣ್ಣೆ ಕತ್ತರಿಸುವ ಕಷ್ಟ, ಅಜ್ಜಿ ನೂಲುವ ಕಷ್ಟ, ಅಜ್ಜ ಮಗ್ಗದ ಗುಣಿಯಲ್ಲಿ ಕಾಲಿಟ್ಟುಕೊಂಡು ನೇಯುವ ಕಷ್ಟ, ಸಾಹುಕಾರರ ಜಗಲಿ, ಸಂಘ, ನ್ಯಾಯ ಎಲ್ಲವನ್ನೂ ಭಾಷಣದ ಹಾಗೆ ಒಪ್ಪಿಸಿದೆ. ಯಜಮಾನರು ತಲೆ ಆಡಿಸುತ್ತಾ ಕೇಳಿದರು. ಅಜ್ಜಿಯ ವಿಷಯ ಬಂದಾಗ "ಪಾಪ" ಅಂದರು. ನನ್ನ ಗಂಟಲು ಒಣಗಿದ್ದು ಕಂಡು ಪಕ್ಕದ ಹೋಟೆಲಿನಿಂದ ತಮ್ಮ ಖರ್ಚಿನಲ್ಲೇ ಚಹಾ ತರಿಸಿದರು. ಗೆದ್ದೆ ಅಂದುಕೊಂಡೆ.

ಚಹಾ ಮುಗಿದ ಮೇಲೆ ಅವರು ನನ್ನ ಹೆಗಲ ಮೇಲೆ ಕೈ ಹಾಕಿದರು. "ನೀನು ಹೇಳಿದ್ದೆಲ್ಲ ನ್ಯಾಯ ಕಣಪ್ಪ. ಒಂದೇ ಬೆಲೆ, ನಾನೂ ಒಪ್ಕಂಡೆ. ಈಗ ಆ ಒಂದೇ ಬೆಲೇಲಿ ನಂಗೆ ಎಷ್ಟು ಬಿಡ್ತೀಯ, ಅಷ್ಟು ಹೇಳು."

ನೀರಿನ ಪರೀಕ್ಷೆ

ಭಾಷಣದಿಂದ ಕಂಬಳಿ ಹೋಗುವುದಿಲ್ಲ ಅಂತ ಗೊತ್ತಾದ ಮೇಲೆ ನಾನು ಮಾಲಿನ ಗುಣವನ್ನು ಹೊಗಳಲು ಶುರು ಮಾಡಿದೆ. ನಮ್ಮ ಕಂಬಳಿ ನಿಜಕ್ಕೂ ಒಳ್ಳೆಯದೇ. ಹುಣಸೆ ಬೀಜದ ಗಂಜಿ ಉಂಡು ಹಲಗೆಯ ಹಾಗೆ ಬಿಗಿಯಾಗಿ ನಿಲ್ಲುತ್ತಿತ್ತು. ಆದರೆ ಒಳ್ಳೆಯದನ್ನು ಹೊಗಳುವಾಗಲೂ ಒಂದು ಹದ ಇರಬೇಕು, ನನಗೆ ಅದಿರಲಿಲ್ಲ.

ಬಿ.ದುರ್ಗದ ಕಡೆಯ ರೈತರೊಬ್ಬರು ಬಂದಾಗ, "ಮಳೇಲಿ ಕೊಪ್ಪೆ ಹಾಕ್ಕೊಂಡು ನಿಂತರೆ ಒಂದು ಹನಿ ಒಳಗೆ ಇಳಿಯಲ್ಲ ಯಜಮಾನ್ರೆ" ಅಂದುಬಿಟ್ಟೆ.

"ಹೌದಾ?" ಅಂದರು. "ಹಂಗಾದ್ರೆ ಹಾಕ್ಕ."

"ಯಾರು?"

"ನೀನೇ. ನಾನು ಹಾಕ್ಕಂಡ್ರೆ ನೀರು ಯಾರು ಹಾಕದು?"

ಹೋಟೆಲಿನವನು ಕೇಳುವ ಮೊದಲೇ ಕೊಡದಲ್ಲಿ ನೀರು ತಂದುಕೊಟ್ಟ. ನಾನು ಕಂಬಳಿಯನ್ನು ತಲೆಯ ಮೇಲಿಂದ ಕೊಪ್ಪೆ ಹಾಕಿಕೊಂಡು ಬಸ್ ಸ್ಟ್ಯಾಂಡಿನ ಎದುರು ಕುಕ್ಕರಗಾಲಲ್ಲಿ ಕೂತೆ. ಹೊರಡಲಿದ್ದ ಬಸ್ಸು ಹೊರಡಲಿಲ್ಲ. ಡ್ರೈವರ್ ಇಂಜಿನ್ ನಿಲ್ಲಿಸಿ ನೋಡುತ್ತಾ ಕೂತ. ರೈತರು ನಿಧಾನವಾಗಿ, ಗಿಡಕ್ಕೆ ಹಾಕುವ ಹಾಗೆ ನನ್ನ ನೆತ್ತಿಯ ಮೇಲೆ ಕೊಡ ಬಗ್ಗಿಸಿದರು. ಒಂದು ಕೊಡ ಆದ ಮೇಲೆ ಇನ್ನೊಂದು ತರಿಸಿದರು. ನಡುವೆ ಬಗ್ಗಿ, "ಒಳಗೆ ಹೆಂಗೈತೆ?" ಅಂತ ಕ್ಷೇಮ ವಿಚಾರಿಸಿದರು.

ಒಂದು ಹನಿಯೂ ಒಳಗೆ ಇಳಿಯಲಿಲ್ಲ. ಎಲ್ಲವನ್ನೂ ಕಂಬಳಿಯೇ ಕುಡಿದಿತ್ತು. ಗಂಜಿ ನೆನೆದು ಅಂಟಂಟಾಗಿ, ಆ ಭಾರಕ್ಕೆ ನನಗೆ ಮೇಲೇಳಲು ಆಗಲಿಲ್ಲ. ಕೊನೆಗೆ ಕಂಡಕ್ಟರ್ ಮತ್ತು ಹೋಟೆಲಿನವನು ಎರಡು ಕಡೆ ಹಿಡಿದು ಎತ್ತಿದರು. ನನ್ನ ತಲೆ ಒಣಗಿಯೇ ಇತ್ತು. ಬಸ್ಸಿನಲ್ಲಿದ್ದವರೆಲ್ಲ ಚಪ್ಪಾಳೆ ಹೊಡೆದರು. ರೈತರು ನನ್ನ ಕೂದಲಿಗೆ ಕೈ ಹಾಕಿ ನೋಡಿ, ತುಂಬಾ ಸಂತೋಷಪಟ್ಟರು.

"ಹೇಳಿದಂಗೇ ಐತೆ ಕಣಪ್ಪ. ಭಾರಿ ಮಾಲು" ಅಂದರು. "ಇದು ನೆಂದೋಗೈತೆ, ನನಗೆ ಬ್ಯಾಡ. ಬ್ಯಾರೆ ಒಂದು ಒಣಗಿರೋದು ತೋರ್ಸು. ಆದ್ರೆ ಅದೂ ಹಿಂಗೇ ತಡೀತೈತೆ ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು?"

ವಾಸನೆ

ಚಿತ್ರದುರ್ಗದಿಂದ ವಕೀಲರ ಹೆಂಡತಿಯೊಬ್ಬರು ಬಂದಿದ್ದರು. ಬಡ ನೇಕಾರರಿಗೆ ನೆರವಾಗಬೇಕು ಅನ್ನುವ ಒಳ್ಳೆಯ ಮನಸ್ಸಿನವರು. ಒಳಗೆ ಕಾಲಿಟ್ಟ ಕೂಡಲೇ ಸೆರಗು ಮೂಗಿಗೆ ಹೋಯಿತು. "ನೆರವು ಮಾಡ್ತೀನಪ್ಪ, ಆದರೆ ಈ ಕುರಿ ವಾಸನೆ..." ಅಂದರು.

ಸಂಘದ ಅಧ್ಯಕ್ಷರಿಗೆ ಈ ವಿಷಯ ತಿಳಿದು, ಪೇಟೆಯಿಂದ ಅತ್ತರು ತಂದು ಇಡೀ ದಾಸ್ತಾನಿಗೆ ಚಿಮುಕಿಸಿಬಿಟ್ಟರು. ಅಂಗಡಿಯೊಳಗೆ ಕಾಲಿಟ್ಟರೆ ಮದುವೆಗೆ ಹೊರಟ ಟಗರು ಎದುರಿಗೆ ಬಂದ ಹಾಗಿತ್ತು. ಆ ವಾರ ಬಂದ ಹಳ್ಳಿಯ ಗಿರಾಕಿಗಳು ಕಂಬಳಿಯನ್ನು ಮೂಗಿಗೆ ಹಿಡಿದು, ಕೆಳಗಿಟ್ಟು, "ಇದು ಕುರೀದಲ್ಲ, ಗಿರಣಿ ಮಾಲು. ಮೋಸ" ಅಂತ ಹೊರಟುಹೋದರು. ಅಸಲಿ ಕಂಬಳಿ ಅನ್ನುವುದಕ್ಕೆ ಅವರಿಗೆ ಇದ್ದ ಒಂದೇ ಗುರುತನ್ನು ನಾವೇ ದುಡ್ಡು ಕೊಟ್ಟು ಅಳಿಸಿದ್ದೆವು.

ಅಜ್ಜಿ ಅಧ್ಯಕ್ಷರಿಗೆ ಬಾಯಿಗೆ ಬಂದಂತೆ ಬೈದು, ಅರ್ಧ ಮಾಲನ್ನು ಹಟ್ಟಿಗೆ ಹೊರಿಸಿಕೊಂಡು ಹೋಗಿ, ರಾತ್ರಿ ಕುರಿ ಕೂಡುವ ರೊಪ್ಪದ ಬೇಲಿಗೆ ಹರಡಿದಳು. ಒಂದು ವಾರದಲ್ಲಿ ಕಂಬಳಿಗಳು ತಮ್ಮ ಮಾನ ಮರಳಿ ಪಡೆದವು. ಆಮೇಲೆ ಅಂಗಡಿಯಲ್ಲಿ ಎರಡು ಕಪಾಟು ಮಾಡಿದೆ. ಎಡಕ್ಕೆ ಅತ್ತರಿನವು, ಬಲಕ್ಕೆ ರೊಪ್ಪದವು.

ವಕೀಲರ ಹೆಂಡತಿ ಒಂದು ಕಂಬಳಿಗೆ ಹೇಳಿಕಳಿಸಿದಾಗ ಕೈತಪ್ಪಿ ಅವರ ಮನೆಗೆ ಬಲಗಡೆಯದು ಹೋಯಿತು. ಗೊತ್ತಾದಾಗ ನನ್ನ ಪ್ರಾಣ ಬಾಯಿಗೆ ಬಂತು. ಆಕೆ ಚಿತ್ರದುರ್ಗದ ದೊಡ್ಡ ಮನೆಗಳಿಗೆಲ್ಲ ಬೇಕಾದವರು, ಕೆಟ್ಟದಾಗಿ ಒಂದು ಮಾತು ಆಡಿದರೆ ಆ ಕಡೆಯ ವ್ಯಾಪಾರ ಅಷ್ಟಕ್ಕೇ ಮುಗಿಯಿತು. ಮುಂದಿನ ತಿಂಗಳು ಅವರು ಕಾರಿನಿಂದ ಇಳಿದು ನೇರವಾಗಿ ನನ್ನ ಕಡೆಗೇ ಬಂದಾಗ ನಾನು ಕೈ ಮುಗಿದುಕೊಂಡೇ ಎದ್ದು ನಿಂತೆ. "ಅಮ್ಮಾ, ತಪ್ಪಾಯ್ತು, ಬೇರೆ ಕೊಡ್ತೀನಿ..."

"ಬೇರೆ ಬೇಡಪ್ಪ" ಅಂದರು. ಹಿಂದೆ ಮುಂದೆ ನೋಡಿ ದನಿ ತಗ್ಗಿಸಿದರು. "ಅದನ್ನ ನಮ್ಮ ರೂಮಲ್ಲಿ ಹಾಸಿದಾಗಿನಿಂದ ನಮ್ಮತ್ತೆ ಆ ಕಡೆ ತಲೆ ಹಾಕಿಲ್ಲ. ಅಂಥದ್ದೇ ಇನ್ನೊಂದು ಕೊಡು. ಅಡುಗೆಮನೆಗೆ."

ಅಜ್ಜನ ವ್ಯಾಪಾರ

ಇಷ್ಟಾದರೂ ಮಾಲು ಕರಗಲಿಲ್ಲ. ಚಳಿ ಶುರುವಾಗಿತ್ತು. ಸಂಘದವರು ಸೇರಿ, "ನೇಯ್ದವರೇ ಕೂತು ಮಾರಿದ್ರೆ ಜನ ನಂಬ್ತಾರೆ" ಅಂತ ತೀರ್ಮಾನ ಮಾಡಿ ಸಂತೆಯ ದಿನ ಅಜ್ಜನನ್ನು ನನ್ನ ಪಕ್ಕದಲ್ಲಿ ಕೂರಿಸಿದರು. ನಂಬುವುದೇನೋ ನಂಬಿದರು. ಅದೇ ಫಜೀತಿಯಾಯಿತು.

ಮೊದಲ ಗಿರಾಕಿ ಹೆಗಲ ಮೇಲೆ ಒಂದು ಹಳೆಯ ಕಂಬಳಿ ಹಾಕಿಕೊಂಡೇ ಬಂದ. ಹೊಸದನ್ನು ನೋಡಿ, ಮೆಚ್ಚಿ, ಬೆಲೆಗೂ ಒಪ್ಪಿ, ಸೊಂಟದ ಚೀಲಕ್ಕೆ ಕೈ ಹಾಕಿದ. ನನ್ನ ಜೀವಮಾನದಲ್ಲಿ ಚೌಕಾಸಿ ಮಾಡದ ಮೊದಲ ಗಿರಾಕಿ ಅವನು. ಅಷ್ಟರಲ್ಲಿ ಅಜ್ಜ ಅವನ ಹೆಗಲ ಕಂಬಳಿಯ ಅಂಚು ಹಿಡಿದು ಎಳೆದ.

"ಎಲ್ಲಿ ತಗಂಡಿದ್ದಲೇ ಇದು?"

"ನಮ್ಮಪ್ಪ ತಂದಿದ್ದು. ಹಳೇದಾತು."

"ಏನ್ ಹಳೇದು? ಇದು ನಾನು ನೇಯ್ದಿದ್ದು! ನೋಡು ಈ ಅಂಚು. ಇನ್ನೂ ನಿನ್ನ ಮಗನ ಕಾಲಕ್ಕೂ ಬರ್ತೈತೆ. ಯಾಕೆ ದುಡ್ಡು ಹಾಳು ಮಾಡ್ತೀಯ? ಹೋಗು, ಮನೆಗೆ ಹೋಗು."

ನಾನು ಅಜ್ಜನ ಪಂಚೆ ಜಗ್ಗಿದೆ. ಅಜ್ಜ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಗಿರಾಕಿ ಕಾಲಿಗೆ ಬಿದ್ದು ನಮಸ್ಕಾರ ಮಾಡಿ ಚೀಲ ಕಟ್ಟಿಕೊಂಡು ಹೋದ. ಅಷ್ಟಕ್ಕೇ ನಿಲ್ಲದೆ ಸಂತೆಯಲ್ಲೆಲ್ಲ ಅಜ್ಜನ ಪ್ರಾಮಾಣಿಕತೆಯನ್ನು ಹಾಡಿ ಹೊಗಳಿದ. ಮಧ್ಯಾಹ್ನದ ಹೊತ್ತಿಗೆ ಅಂಗಡಿಯ ಮುಂದೆ ಸಾಲು ಬೆಳೆಯಿತು. ನಾನು ಹಿಗ್ಗಿ ಕಂಬಳಿಗಳನ್ನೆಲ್ಲ ಕೆಳಗಿಳಿಸಿದೆ. ಎಲ್ಲರೂ ತಮ್ಮ ತಮ್ಮ ಹಳೆಯ ಕಂಬಳಿ ತಂದಿದ್ದರು, ಇನ್ನೆಷ್ಟು ವರ್ಷ ಬಾಳುತ್ತದೆ ಅಂತ ಅಜ್ಜನನ್ನು ಕೇಳುವುದಕ್ಕೆ.

ಟವೆಲ್ಲಿನ ಒಳಗೆ

ಆ ಸಂಜೆ ಅಜ್ಜಿ ಅಂಗಡಿಗೆ ಬಂದು ತುಂಬಿದ ಕಪಾಟುಗಳನ್ನು ನೋಡಿದಳು. ಆಕೆಯ ಮುಖ ಸಣ್ಣಗಾಯಿತು. ಆಕೆ ಜಗಲಿಯ ಮಾತು ಎತ್ತಲಿಲ್ಲ, ಎತ್ತಿದ್ದರೇ ಚೆನ್ನಾಗಿತ್ತು.

ಅಜ್ಜನ ಕಡೆ ತಿರುಗಿದಳು. "ಅಲ್ಲಾ, ಸಂತ್ಯಾಗೆ ಕುರಿ ಹೆಂಗೆ ಮಾರ್ತೀಯ? ಬೋರ್ಡು ಬರೆಸ್ತೀಯೇನು?"

ಅಜ್ಜ ಬೆಪ್ಪಾಗಿ ನೋಡಿದ. ಆಮೇಲೆ ಮುಖ ಅರಳಿತು.

ಕುರಿ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಮಾರುವವನೂ ಕೊಳ್ಳುವವನೂ ಕೈಗೆ ಕೈ ಕೊಟ್ಟು ಮೇಲೊಂದು ಟವೆಲ್ ಮುಚ್ಚುತ್ತಾರೆ. ಒಳಗೆ ಬೆರಳು ಹಿಡಿದು ಬೆಲೆ ತಿಳಿಸುತ್ತಾರೆ. ನಾಲ್ಕು ಬೆರಳು ಹಿಡಿದರೆ ನಲವತ್ತು, ಮೂರು ಹಿಡಿದರೆ ಮೂವತ್ತು, ಹೀಗೆ. ಒಳಗೆ ಕುದುರಿದ ಬೆಲೆಯನ್ನು ಇಬ್ಬರೂ ಹೊರಗೆ ಬಾಯಿ ಬಿಡಬಾರದು. ಅದು ಸಂತೆಯ ಕಟ್ಟುಪಾಡು.

ಮಾರನೆಯ ವಾರ ನನ್ನ ಬೋರ್ಡು ಇಳಿದು ಒಲೆಗೆ ಹೋಯಿತು. ಬೆಲೆ ಕೇಳಿದರೆ ನಾನು ಬಾಯಿ ಮುಚ್ಚಿಕೊಂಡು ಅಜ್ಜನ ಕಡೆ ಕೈ ತೋರಿಸಬೇಕು ಅಂತ ಅಜ್ಜಿಯ ಅಪ್ಪಣೆಯಾಯಿತು. ಅಜ್ಜ ಹೆಗಲ ಟವೆಲ್ ತೆಗೆದು ಕೈಮೇಲೆ ಹಾಸಿಕೊಂಡು, "ಬರ್ರಿ, ಕುಂತ್ಕಳ್ರಿ, ಕೈ ಕೊಡ್ರಿ" ಅಂದ. ಆಹಾ, ಆಮೇಲಿನ ಆಟ ನೋಡಬೇಕಿತ್ತು. ಟವೆಲ್ ಒಳಗೆ ಏನೇನೋ ಹೊರಳಾಡುತ್ತಿತ್ತು. ಗಿರಾಕಿ ತಲೆ ಅಲ್ಲಾಡಿಸುತ್ತಿದ್ದ, ಅಜ್ಜ ನಿಟ್ಟುಸಿರು ಬಿಡುತ್ತಿದ್ದ, ಗಿರಾಕಿ ಎದ್ದು ಹೋಗುವವನ ಹಾಗೆ ಮಾಡುತ್ತಿದ್ದ, ಅಜ್ಜ ಎಳೆದು ಕೂರಿಸುತ್ತಿದ್ದ. ಕೊನೆಗೆ ಅಜ್ಜ ಮನೆಯ ಕುರಿ ಕಳೆದುಕೊಂಡವನ ಮುಖ ಮಾಡಿ ಕೈ ಗಟ್ಟಿಯಾಗಿ ಹಿಸುಕಿ ಬಿಡುತ್ತಿದ್ದ. ಗಿರಾಕಿ ನಗುವನ್ನು ಬಚ್ಚಿಟ್ಟುಕೊಂಡು ಕಂಬಳಿ ಹೊತ್ತು ಓಡುತ್ತಿದ್ದ.

ಮೊದಲ ದಿನ ನಾನು ಗಾಬರಿಯಾಗಿದ್ದೆ. "ಅಜ್ಜಾ, ಬೆಲೆ ಇಳಿಸಿಬಿಟ್ರಾ? ನಿಯಮ!"

"ಹೂಂ, ಇಳಿಸ್ದೆ. ನಲವತ್ತರಿಂದ ಇಳಿಸ್ದೆ" ಅಂದ ಅಜ್ಜ. "ಎಲ್ರೂ ಮೂವತ್ತಕ್ಕೇ ಬಂದು ನಿಂತ್ರು. ಅಲ್ಲಿಂದ ಕೆಳಗೆ ನಾನು ಬೆರಳೇ ಕೊಡಾಕಿಲ್ಲ."

ಹಿರಿಯೂರು ಬಸ್ಸಿನ ಕಂಡಕ್ಟರ್ ಒಬ್ಬ ತುಂಬಾ ಹೊತ್ತು ಟವೆಲ್ ಒಳಗೆ ಗುದ್ದಾಡಿ, ಬೆವರಿ, ಎರಡು ಕಂಬಳಿ ಕೊಂಡ. ಹೋಗುವಾಗ ನನ್ನನ್ನು ಪಕ್ಕಕ್ಕೆ ಕರೆದು ತುಂಬಾ ಕಳಕಳಿಯಿಂದ ಹೇಳಿದ. "ಆ ಮುದುಕಪ್ಪಂಗೆ ವ್ಯಾಪಾರ ಬರಲ್ಲ. ಬೇಗ ಎಬ್ಬಿಸ್ರಿ. ನಿಮ್ಮ ಸಂಘಾನೇ ಮುಳುಗಿಸ್ತಾನೆ."

ಕರಿಕಂಬಳಿ

ಮಾಲು ಹರಿದುಹೋಯಿತು. ಸಾಹುಕಾರರು ಸುಮ್ಮನಿರುತ್ತಾರೆಯೇ? "ಒಂದೇ ಬೆಲೆ ಅಂತ ಸರ್ಕಾರದ ಸಹಾಯ ತಗೊಂಡು, ಒಳಗೊಳಗೇ ಮುಖ ನೋಡಿ ಮಣೆ ಹಾಕ್ತಾರೆ" ಅಂತ ಚಿತ್ರದುರ್ಗದ ಕಚೇರಿಗೆ ಹೋಗಿ ದೂರು ಹೇಳಿಬಂದರು. ಒಂದು ಸಂತೆಯ ದಿನ ಜೀಪು ಬಂದು ನಿಂತಿತು. ಸಾಹೇಬರು ಒಳಗೆ ಬಂದಾಗ ಅಜ್ಜನ ಕೈ ಟವೆಲ್ ಒಳಗೇ ಇತ್ತು.

"ಏನ್ರಿ ಇದು? ಚೌಕಾಸಿ?"

"ಸರ್, ನೋಡೋಕೆ ಮಾತ್ರ ಹಾಗೆ. ಎಲ್ಲರಿಗೂ ಮೂವತ್ತೇ ಸರ್" ಅಂದೆ. ನನ್ನ ದನಿ ನನಗೇ ಸುಳ್ಳು ಅನ್ನಿಸಿತು.

ಸಾಹೇಬರು ಅಜ್ಜನನ್ನು ಕೇಳಿದರು. ಅಜ್ಜ ಕೈ ಮುಗಿದು, "ಕೈಯಾಗಿನ ಮಾತು ಬಾಯಾಗೆ ಆಡಂಗಿಲ್ಲ ಸಾಹೇಬ್ರೆ, ಸಂತೆ ಕಟ್ಟುಪಾಡು" ಅಂದ. ಸಾಹೇಬರಿಗೆ ಸಿಟ್ಟು ಬಂತು. ಆಗಷ್ಟೇ ಕಂಬಳಿ ಕೊಂಡು ಪಕ್ಕದ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದವರನ್ನೆಲ್ಲ ಕರೆಸಿದರು. ನನಗೆ ಜೀವ ಬಂದ ಹಾಗಾಯಿತು. ಎಲ್ಲರೂ ಮೂವತ್ತು ಅಂದರೆ ಮುಗಿಯಿತಲ್ಲ.

ಆದರೆ ಆ ಪುಣ್ಯಾತ್ಮರು ಒಬ್ಬೊಬ್ಬರೂ ಅಜ್ಜ ತನಗೊಬ್ಬನಿಗೇ ಕಡಿಮೆಗೆ ಕೊಟ್ಟಿದ್ದಾನೆ ಅಂತ ನಂಬಿದ್ದರು. ನಿಜ ಹೇಳಿದರೆ ಪಾಪದ ಅಜ್ಜ ಸಾಹೇಬರ ಕೈಗೆ ಸಿಕ್ಕಿಬೀಳುತ್ತಾನೆ. ಹಾಗಾಗಿ ಅಜ್ಜನನ್ನು ಉಳಿಸಲು ಪಣ ತೊಟ್ಟರು.

"ಎಷ್ಟು ಕೊಟ್ಟೆ?" ಅಂತ ಕೇಳಿದರೆ ಮೊದಲನೆಯವನು "ನಲವತ್ತು" ಅಂದ. ಎರಡನೆಯವನು ಅವನನ್ನೂ ಮೀರಿಸಿ "ನಲವತ್ತೈದು, ಬಾಳ ದುಬಾರಿ ಮುದುಕ" ಅಂದ. ಮೂರನೆಯವನು ಅಳೆದು ಸುರಿದು "ಮೂವತ್ತೆಂಟು" ಅಂದು, ಅಜ್ಜನ ಕಡೆ ನೋಡಿ ಕಣ್ಣು ಮಿಟುಕಿಸಿದ. ನಾಲ್ಕನೆಯವನು ಗಂಜಿಯೂ ಆರದ ಹೊಸ ಕಂಬಳಿ ಹೊದ್ದುಕೊಂಡು, "ನಾನು ತಗಂಡೇ ಇಲ್ಲ ಸಾಹೇಬ್ರೆ, ಇದು ನಮ್ಮಪ್ಪನ ಕಾಲದ್ದು" ಅಂದ.

ನನಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಇಡೀ ಜಿಲ್ಲೆಯಲ್ಲಿ ಒಂದೇ ಬೆಲೆಗೆ ಮಾರುತ್ತಿದ್ದ ಒಂದೇ ಅಂಗಡಿ, ಗಿರಾಕಿಗಳ ಪ್ರೀತಿಯಿಂದಲೇ ಮುಳುಗುತ್ತಿತ್ತು. ಸಾಹೇಬರು ಡ್ರೈವರನಿಗೆ ಬೀಗ ತರಲು ಹೇಳಿದರು.

ಮೂಲೆಯಲ್ಲಿ ನೂಲುತ್ತಿದ್ದ ಅಜ್ಜಿ ಕದಿರು ಕೆಳಗಿಟ್ಟು ಎದ್ದಳು. ಕಪಾಟಿನಿಂದ ಒಂದು ಕರಿಕಂಬಳಿ ತೆಗೆದು ಬಾಗಿಲ ಮುಂದೆ ಹಾಸಿದಳು. "ಸಾಹೇಬ್ರೆ, ಬೀಗ ಆಮೇಲೆ ಹಾಕ್ರಿ. ಇವರನ್ನ ಇದರ ಮ್ಯಾಲೆ ನಿಲ್ಲಿಸಿ ಇನ್ನೊಂದ್ಸಲ ಕೇಳ್ರಿ."

ಆ ಕಡೆಯ ಹಟ್ಟಿಗಳಲ್ಲಿ ದೇವರನ್ನು ಕೂರಿಸುವುದೂ ಕರಿಕಂಬಳಿಯ ಮೇಲೆಯೇ, ಹಿರಿಯರು ಕೂತು ನ್ಯಾಯ ಹೇಳುವುದೂ ಅದರ ಮೇಲೆಯೇ. ಅದನ್ನು ತುಳಿದು ಸುಳ್ಳಾಡುವ ಧೈರ್ಯ ಯಾರಿಗೂ ಇಲ್ಲ. ನಾಲ್ವರ ಮುಖವೂ ಇಳಿದುಹೋಯಿತು. ಮೊದಲನೆಯವನು ಚಪ್ಪಲಿ ಬಿಟ್ಟು, ಅಜ್ಜನಿಗೆ ಕೈ ಮುಗಿದು, "ತಪ್ಪು ತಿಳ್ಕಬ್ಯಾಡ ಅಜ್ಜ, ನಿನ್ನ ಉಳಿಸಾಣ ಅಂತ ನೋಡ್ದೆ" ಅಂದು ಕಂಬಳಿಯ ಮೇಲೆ ನಿಂತ.

"ಮೂವತ್ತು" ಅಂದ.

ಎರಡನೆಯವನು ಒಂದೇ ಕಾಲು ಇಟ್ಟಿದ್ದ. "ಮೂವ..." ಅಂದವನು ಅಲ್ಲಿಗೇ ನಿಲ್ಲಿಸಿ ಮೊದಲನೆಯವನ ಕಡೆ ತಿರುಗಿದ. "ಲೇ, ನಿಂಗೂ ಮೂವತ್ತಾ?"

"ಯಾಕೆ, ನಿಂಗೆಷ್ಟು?"

"ನಂಗೂ ಮೂವತ್ತೇ ಕಣಲೇ!"

ಮೂರನೆಯವನು ಕಂಬಳಿ ಹತ್ತುವ ಮೊದಲೇ "ಅಯ್ಯೋ, ನಂಗೂ!" ಅಂತ ಕೂಗಿದ. ಅಪ್ಪನ ಕಾಲದ ಕಂಬಳಿಯವನು ಮೆಲ್ಲನೆ ಜಾಗ ಖಾಲಿ ಮಾಡುತ್ತಿದ್ದ, ಇವರೇ ಹಿಡಿದು ತಂದು ನಿಲ್ಲಿಸಿದರು. ಅವನದೂ ಮೂವತ್ತು. ನಾಲ್ವರೂ ಅಜ್ಜನ ಮೇಲೆ ಏರಿಹೋದರು.

"ನಿಂಗೊಬ್ಬಂಗೇ ಅಂತ ಕೈ ಹಿಸುಕಿದೆಯಲ್ಲೋ ಮುದುಕ!"

"ಹಿಸುಕಿದ್ದು ಹೌದು" ಅಂದ ಅಜ್ಜ ತಣ್ಣಗೆ. "ನಿಂಗೊಬ್ಬಂಗೇ ಅಂತ ನಾನೆಲ್ಲಿ ಅಂದೆ? ಅಂದ್ಕಂಡಿದ್ದು ನೀನು."

ಅವರಿಗೆ ಅವಮಾನ ತಡೆಯಲಾಗಲಿಲ್ಲ. ನಾಲ್ವರೂ ಸಾಹೇಬರನ್ನು ಸುತ್ತುವರಿದರು. "ಸಾಹೇಬ್ರೆ, ನೀವು ಬಂದಿದ್ದು ಒಳ್ಳೇದಾತು. ಇದು ದೊಡ್ಡ ಮೋಸ. ಎಲ್ರಿಗೂ ಒಂದೇ ಬೆಲೆ ಹಾಕವ್ರೆ! ಮೊದ್ಲು ಈ ಅಂಗಡಿಗೆ ಬೀಗ ಹಾಕ್ರಿ!"

ಸಾಹೇಬರು ನಗು ತಡೆಯಲು ಹೋಗಿ ಕೆಮ್ಮಿದರು, ಕೆಮ್ಮು ತಡೆಯಲು ಹೋಗಿ ಮತ್ತೆ ನಕ್ಕರು. ಬೀಗ ಹಿಡಿದು ಬಂದ ಡ್ರೈವರನನ್ನು ವಾಪಸ್ ಕಳಿಸಿದರು. "ಅಂಗಡಿ ನಡೀಲಿ. ಮುಂದಿನ ವರ್ಷಾನೂ ಸಹಾಯ ಬರುತ್ತೆ" ಅಂದರು. ಅಜ್ಜಿ ತಾನೇ ಹಾಸಿದ ಕಂಬಳಿಯನ್ನು ಮಡಚುವ ನೆಪದಲ್ಲಿ ಆ ಕಡೆ ತಿರುಗಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನನಗೂ ಕಣ್ಣು ತುಂಬಿ ಬಂತು, ಮುಚ್ಚಿಡುವುದೇನು. ಆ ನಾಲ್ವರನ್ನು, "ಬೇಡವಾದರೆ ಕಂಬಳಿ ವಾಪಸ್ ಕೊಡಿ" ಅಂತ ಕೇಳಿದೆ. ಒಬ್ಬನೂ ಕೊಡಲಿಲ್ಲ.

ಜನ ಚದುರಿದರು. ಸಾಹೇಬರು ಜೀಪಿನವರೆಗೆ ಹೋದವರು ಅಲ್ಲೇ ಸ್ವಲ್ಪ ನಿಂತು, ತಿರುಗಿ ಬಂದರು. ಅತ್ತ ಇತ್ತ ನೋಡಿ, ಅಜ್ಜನ ಎದುರು ಕೂತು, ಜೇಬಿನಿಂದ ಇಸ್ತ್ರಿ ಮಾಡಿದ ಕರವಸ್ತ್ರ ತೆಗೆದು ತಮ್ಮ ಬಲಗೈ ಮೇಲೆ ಹಾಸಿಕೊಂಡರು.

"ಅವರದ್ದೆಲ್ಲ ಸರಿ ಅಜ್ಜ" ಅಂದರು ಪಿಸುದನಿಯಲ್ಲಿ. "ಈಗ ನನಗೆ ಎಷ್ಟಕ್ಕೆ ಕೊಡ್ತೀಯ?"